ಬಿಳಿ ಮುಚ್ಚಳದ ಎಣ್ಣೆ

ಆಬಾನ್ ೨೬, ಶನಿವಾರ

ಎಲೈ ಬಿಳಿ ಹಾಳೆಯೇ, ನೆಟ್ಟಗೆ ಕೂತು ಕೇಳು. ಬರೆಯುತ್ತಿರುವವನು ಅರ್ದಕಾನ್ ಊರಿನ ಬೆಮಾನ್‌ಅಲಿ. ವಯಸ್ಸು ಅರವತ್ತೆರಡು. ಹಗಲು ಎಳ್ಳಿನ ಗಾಣ, ಸಂಜೆ ಗರಡಿ, ಮೊಹರಮ್ಮಿನ ನಾಟಕದಲ್ಲಿ ಕೆಂಪು ಉಡುಪು ತೊಟ್ಟ ಖಳ. ಚೌಕದ ಈ ತುದಿಯಲ್ಲಿ ನಾನು ಗರ್ಜಿಸಿದರೆ ಆ ತುದಿಯಲ್ಲಿ ತೊಟ್ಟಿಲ ಕೂಸು ಎದ್ದು ಅಳುತ್ತದೆ. ಇಂಥವನಿಗೆ ಯಜ್ದ್ ವಿಶ್ವವಿದ್ಯಾಲಯದ ಫರಂಗೀಸ್ ಖಾನಮ್ ಒಂದು ಪುಸ್ತಕ ಕೊಟ್ಟಿದ್ದಾಳೆ. ದಿನಕ್ಕೆ ಒಂದೇ ಗೆರೆ. ಅದರಲ್ಲಿ ಊಟ, ನಿದ್ರೆ, ಉಪ್ಪು ಬರೆಯಬೇಕಂತೆ. ಒಂದು ಗೆರೆಯಲ್ಲಿ ನಾನು ಕೆಮ್ಮುವುದಕ್ಕೂ ಜಾಗ ಸಾಲದು. ಅದಕ್ಕೇ ನಿನ್ನನ್ನು ಕೊಂಡು ತಂದೆ. ನೀನು ಅವಳಿಗಲ್ಲ, ಯಾರಿಗೂ ಅಲ್ಲ.

ಸಂಗತಿ ಇಷ್ಟು. ನಮ್ಮ ಗರಡಿಯಲ್ಲಿ ನೆಲಕ್ಕಿಂತ ತಗ್ಗಿನಲ್ಲಿ ಎಂಟು ಮೂಲೆಯ ಕಣವಿದೆ. ಕಣದ ನಟ್ಟನಡುವೆ ನಿಂತು ಎಲ್ಲರ ಕಸರತ್ತು ನಡೆಸುವವನೇ ಮಿಯಾನ್‌ದಾರ್. ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರೆ, ಎತ್ತರದ ಪೀಠದಲ್ಲಿ ನಗಾರಿ ಬಾರಿಸುತ್ತ ಪದ ಹಾಡುವ ಮೊರ್ಷೆದ್ ಗಂಟೆ ಹೊಡೆಯುತ್ತಾನೆ. ನನಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಆ ಗಂಟೆ ಬಿದ್ದಿಲ್ಲ. ನಮ್ಮ ಹಳೆಯ ಮಿಯಾನ್‌ದಾರ್ ಹೋದ ವಸಂತದಲ್ಲಿ ಕಣದ ನಡುವೆ ಬುಗುರಿಯಂತೆ ತಿರುಗುತ್ತಿದ್ದವನು ಹಾಗೇ ಕುಸಿದ. ಮತ್ತೆ ಏಳಲಿಲ್ಲ. ಬಿಪಿ ಅಂದರು.

ಈಗ ಆ ಜಾಗಕ್ಕೆ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಕರಿಜೀರಿಗೆ ಎಣ್ಣೆಯ ಹಾಜಿ ಮಾಷಲ್ಲಾ. ಹನ್ನೊಂದು ವರ್ಷದ ಹಿಂದೆ, ತುಂಬಿದ ಬಜಾರಿನಲ್ಲಿ, ನನ್ನ ಗಿರಾಕಿಯ ಎದುರೇ "ಎಳ್ಳೆಣ್ಣೆನಾ? ಬಾಗಿಲು ಕಿರ್‌ಗುಡ್ತಿದ್ರೆ ಹಚ್ಚೋಕೆ ಪರವಾಗಿಲ್ಲ" ಅಂದವನು. ಅಂದಿನಿಂದ ನಮ್ಮಲ್ಲಿ ಮಾತಿಲ್ಲ. ಉಪಚಾರದ ಮಾತು ಮಾತ್ರ ಇದೆ. ಅದನ್ನೂ ಬಿಟ್ಟರೆ ಮನುಷ್ಯನಿಗೂ ಒಂಟೆಗೂ ಏನು ವ್ಯತ್ಯಾಸ?

ಮೊರ್ಷೆದ್ ಯದುಲ್ಲಾ ಎಂಬತ್ತರ ಮುದುಕ. ಇವತ್ತು ನಗಾರಿಯ ಮೇಲೆ ಕೈಯಿಟ್ಟು ತೀರ್ಪು ಕೊಟ್ಟ. "ಲೋ, ನಿಮ್ಮಿಬ್ಬರ ಕಾದಾಟ ನೋಡಿ ನೋಡಿ ನನ್ನ ಕಣ್ಣು ಸವೀತು. ಈ ಹುಡುಗಿ ಎರಡು ತಿಂಗಳು ಹೆಂಗೂ ಬಿಪಿ ಅಳೀತಾಳೆ. ದೇ ತಿಂಗಳ ಇಪ್ಪತ್ತೆರಡಕ್ಕೆ ಕಸರತ್ತು ಮುಗಿದ ಮೇಲೆ ಯಾರದ್ದು ಕಮ್ಮಿ ಇರುತ್ತೋ ಅವನೇ ನಡುವೆ ನಿಲ್ಲಲಿ. ಹದಿನಾರು ದಾಟಿದವನು ಮನೆಗೆ ಹೋಗಿ ಮೊಮ್ಮಕ್ಕಳನ್ನ ಆಡಿಸ್ಲಿ."

ಇಪ್ಪತ್ತೈದಕ್ಕೆ ಹಜರತ್ ಅಲಿಯ ಜನ್ಮದಿನ. ಅಂದೇ ಪಟ್ಟಾಭಿಷೇಕ. ಯಂತ್ರ ನನಗೆ ಇವತ್ತು ನೂರ ಎಪ್ಪತ್ತು ತೋರಿಸಿತು. ನಮ್ಮ ಬಾಯಲ್ಲಿ ಹದಿನೇಳು. ಹಾಜಿಗೂ ಹದಿನೇಳು.

ನಮ್ಮ ಹನ್ನೆರಡು ಮಂದಿಗೂ ಎಣ್ಣೆ ತುಂಬಿದ ಗುಳಿಗೆಯ ಸೀಸೆ ಕೊಟ್ಟಿದ್ದಾಳೆ. ಆರು ಜನಕ್ಕೆ ಕೆಂಪು ಮುಚ್ಚಳ, ಆರು ಜನಕ್ಕೆ ಬಿಳಿ. ಒಂದರಲ್ಲಿ ಬಿಪಿ ಇಳಿಸುವ ಎಣ್ಣೆ, ಇನ್ನೊಂದರಲ್ಲಿ ಹೋಲಿಸಿ ನೋಡಲು ಸುಮ್ಮನೆ ಒಂದು ಎಣ್ಣೆ. ಯಾವುದು ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ. ಬೆಳಿಗ್ಗೆ ಮನೆಯಲ್ಲೊಂದು, ಸಂಜೆ ಗರಡಿಯಲ್ಲೊಂದು. ನನ್ನದು ಬಿಳಿ. ಬಿಳಿಯೇ ನಿಜವಾದದ್ದು, ನನಗೆ ಮುಖ ನೋಡಿದರೆ ತಿಳಿಯುತ್ತದೆ.

ಆಬಾನ್ ೨೮, ಸೋಮವಾರ

ಆಹಾ, ವಿಧಿಯೇ, ನಿನ್ನ ನಾಟಕವೇ.

ಫರಂಗೀಸ್ ಖಾನಮ್ ಹೆಣ್ಣುಮಗಳು. ಕಣದ ಹತ್ತಿರ ಬರುವಂತಿಲ್ಲ, ಪರಗಂಡಸರ ತೋಳು ಮುಟ್ಟುವಂತಿಲ್ಲ. ಹೊರಗೆ ಚಪ್ಪಲಿ ಬಿಡುವ ಕೋಣೆಯಲ್ಲಿ ಯಂತ್ರಗಳನ್ನಿಟ್ಟುಕೊಂಡು ಕೂತಿರುತ್ತಾಳೆ. ಬಿಪಿ ಪಟ್ಟಿಯನ್ನು ಗಂಡಸರೇ ಜೋಡಿಜೋಡಿಯಾಗಿ ಒಬ್ಬರ ತೋಳಿಗೊಬ್ಬರು ಕಟ್ಟಿಕೊಳ್ಳಬೇಕು. ಜೋಡಿ ಮಾಡಿದವಳು ಅವಳೇ, ವಯಸ್ಸು ನೋಡಿ. ನನಗೆ ಅರವತ್ತೆರಡು. ಅರವತ್ತಮೂರು ಯಾರಿಗೆ? ಹಾಜಿ ಮಾಷಲ್ಲಾಗೆ.

ಗದೆಯಂಥ ಕರಲಾಕಟ್ಟೆ ತಿರುಗಿಸಿ, ಬಾಗಿಲಿನಷ್ಟು ಅಗಲದ ಮರದ ಹಲಗೆಗಳನ್ನು ಅಂಗಾತ ಮಲಗಿ ಎತ್ತಿ, ಬೆವರು ಸುರಿಸುತ್ತ ಹೊರಬಂದೆವು. ಬಾಗಿಲಲ್ಲೇ ಜಾಮ್. ಗರಡಿಯ ಬಾಗಿಲು ಸೊಂಟದೆತ್ತರ. ಒಬ್ಬನೇ ಬಗ್ಗಿ ಹೋಗಬೇಕು.

"ನಿಮ್ಮದಾಗಲಿ ಉಸ್ತಾದ್" ಅಂದ ಹಾಜಿ.

"ಛೆ ಛೆ, ಹಿರಿಯರು. ನಿಮ್ಮದಾಗಲಿ."

ಅವನು ಮೂರು ಸಲ, ನಾನು ಮೂರು ಸಲ. ನಮ್ಮಪ್ಪ ಹೇಳುತ್ತಿದ್ದರು: ಮೂರು ಸಲ ಅಂದದ್ದು ತುಟಿಯ ಉಪಚಾರ, ನಾಲ್ಕನೆಯ ಸಲ ಅಂದರೆ ಎದೆಯ ಮಾತು. ನಾಲ್ಕನೆಯದಕ್ಕೆ ಇಬ್ಬರೂ ಬಾಯಿ ಮುಚ್ಚಿದೆವು. ಹಿಂದೆ ನಿಂತ ಹತ್ತು ಜನ ಒಣಗಿದರು. ಕೊನೆಗೆ ಯಾರೋ ಹಿಂದಿನಿಂದ ನೂಕಿದರು, ಹಾಜಿ ಮೊದಲು ಹೋಗಿ ಬಿದ್ದ. ದೇವರಿದ್ದಾನೆ.

ಬೆಂಚಿನ ಮೇಲೆ ಪಕ್ಕಪಕ್ಕ ಹತ್ತು ನಿಮಿಷ ಸುಮ್ಮನೆ ಕೂರಬೇಕು. "ಮಾತಾಡಿದ್ರೆ ಲೆಕ್ಕ ತಪ್ಪುತ್ತೆ ಉಸ್ತಾದ್" ಎನ್ನುತ್ತಾಳೆ. ಹತ್ತು ನಿಮಿಷ ನಾನು ಸುಮ್ಮನಿದ್ದದ್ದು ಹುಟ್ಟಿದ ಮೇಲೆ ಇದೇ ಮೊದಲು. ಹಾಜಿ ನನ್ನ ತೋಳಿಗೆ ಪಟ್ಟಿ ಬಿಗಿದ. ಬೇಕೆಂದೇ ಬಿಗಿಯಾಗಿ. ಅವನದ್ದನ್ನು ನಾನು ಇನ್ನೂ ಬಿಗಿಯಾಗಿ.

ಆಮೇಲೆ ಗುಳಿಗೆ. ಸೀಸೆ ತೆರೆದೆ, ಒಂದನ್ನು ಅಂಗೈಗೆ ಹಾಕಿಕೊಂಡೆ. ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಶತ್ರುವೇ ಸರಿ, ಆದರೆ ಅವನ ಎದುರು ಒಬ್ಬನೇ ಬಾಯಿಗೆ ಹಾಕಿಕೊಳ್ಳುವುದು ಹೇಗೆ? ನಾನೇನು ನಾಯಿಯೇ? ಅಂಗೈ ಚಾಚಿದೆ. "ನಿಮ್ಮದಾಗಲಿ."

"ನಿಮ್ಮ ಕೈಗೆ ನೋವಾಗದಿರಲಿ" ಅಂತ ತೆಗೆದುಕೊಂಡೇಬಿಟ್ಟ. ತಕ್ಷಣ ತನ್ನ ಕೆಂಪು ಮುಚ್ಚಳ ತೆರೆದು ನನ್ನ ಮುಂದೆ ಹಿಡಿದ. ಬೇಡವೆಂದರೆ ಅವಮಾನ. ನುಂಗಿದೆ.

ಆಝರ್ ೩, ಶನಿವಾರ

ಹದಿನೇಳೂವರೆ. ಪಕ್ಕದಲ್ಲಿ ಹಾಜಿಯ ಉಸಿರಾಟ ಕೇಳಿದರೇ ನನ್ನ ರಕ್ತ ಕುದಿಯುತ್ತದೆ. ಮೂಗಿನಲ್ಲಿ ಸಿಳ್ಳೆ ಹೊಡೆಯುತ್ತದೆ ಆ ಮನುಷ್ಯನಿಗೆ.

ಮನೆಯಲ್ಲಿ ನನ್ನ ಹೆಂಡತಿ ರೊಬಾಬೆಯ ಅಡುಗೆ ಕೆಟ್ಟಿದೆ. ಬೀಟ್‌ರೂಟ್ ಸೊಪ್ಪಿನ ಆಶ್ ಗಂಜಿ ಕುಡಿದರೆ ಬಾವಿಯ ನೀರು ಕುಡಿದಂತೆ. ನಲವತ್ತು ವರ್ಷ ಚೆನ್ನಾಗಿ ಮಾಡಿದವಳು. ವಯಸ್ಸಾಯಿತು ಪಾಪ, ನಾಲಿಗೆ ಸತ್ತಿರಬೇಕು. ಹೇಳಿ ನೋಯಿಸಲಿಲ್ಲ.

ಆಝರ್ ೧೦, ಶನಿವಾರ

"ಉಸ್ತಾದ್, ನಿಮ್ಮ ಸೀಸೆ ಇಷ್ಟು ಬೇಗ ಹೇಗೆ ಖಾಲಿ ಆಯ್ತು?" ಎಂದು ಖಾನಮ್ ಕೇಳಿದಳು.

"ಎಣ್ಣೆ ಮಗಳೇ, ಆವಿ ಆಗುತ್ತೆ" ಅಂದೆ. ಅವಳು ಇನ್ನೊಂದು ಬಿಳಿ ಸೀಸೆ ಕೊಟ್ಟಳು. ಬೆಳಿಗ್ಗೆ ರೊಬಾಬೆಗೆ ನೀಡದೆ ನಾನೊಬ್ಬನೇ ನುಂಗಲಾಗುತ್ತದೆಯೇ? ಅವಳ ಮಂಡಿನೋವು ಅರ್ಧ ಹೋಗಿದೆಯಂತೆ. ಇದೆಲ್ಲ ಮನೆಯ ವಿಷಯ, ವಿಜ್ಞಾನಕ್ಕೇಕೆ ಹೇಳಲಿ?

ಹತ್ತು ನಿಮಿಷದ ಮೌನದಲ್ಲಿ ಇವತ್ತು ಹಾಜಿ ತುಟಿ ಅಲ್ಲಾಡಿಸದೆ ಅಂದ, "ಪಟ್ಟಿ ಬಿಗೀತಾ?"

"ಇಲ್ಲ."

ಹನ್ನೊಂದು ವರ್ಷದ ನಂತರದ ಸಂಭಾಷಣೆ ಇದು. ಹಾಳೆಯೇ, ಇದನ್ನು ಮಾತುಕತೆ ಎಂದು ಲೆಕ್ಕ ಹಾಕಬೇಡ. ವೈದ್ಯಕೀಯ. ಹದಿನಾರೂವರೆ ಬಂದಿದೆ. ಬಿಳಿ ಮುಚ್ಚಳ ಕೆಲಸ ಮಾಡುತ್ತಿದೆ.

ಆಝರ್ ೧೫, ಗುರುವಾರ

ತಡೆಯಲಾಗಲಿಲ್ಲ. ಬೆಳಿಗ್ಗೆ ಗಾಣದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಿಳಿ ಸೀಸೆಯ ಒಂದು ಗುಳಿಗೆಯನ್ನು ಹಲ್ಲಿನಿಂದ ಕಡಿದೆ. ಎಣ್ಣೆ ನಾಲಿಗೆಯ ಮೇಲೆ ಹರಡಿತು. ಕಣ್ಣು ಮುಚ್ಚಿದೆ. ನಲವತ್ತು ವರ್ಷ ಎಣ್ಣೆ ತೆಗೆದ ನಾಲಿಗೆ ಇದು. ಊರಲ್ಲಿ ಯಾರ ಗಾಣದ್ದು, ಯಾವ ಹೊಲದ ಎಳ್ಳು ಎಂದು ಹೇಳಿಬಿಡುತ್ತದೆ. ಹೋದ ಮೆಹ್ರ್ ತಿಂಗಳಲ್ಲಿ ಯಜ್ದ್‌ನ ಯಾವನೋ ವ್ಯಾಪಾರಿ ಹತ್ತು ಕಿಲೋ ಒಯ್ಯುವಾಗ "ಇದು ನಿಮ್ಮದೇನಾ?" ಎಂದದ್ದಕ್ಕೆ, ಕತ್ತಲಲ್ಲಿ ಹತ್ತು ಎಣ್ಣೆ ಕೊಡು, ನನ್ನದನ್ನು ಆರಿಸಿ ಕೊಡುತ್ತೇನೆ ಅಂದಿದ್ದೆ.

ಈ ಎಣ್ಣೆ ನಮ್ಮ ಮಣ್ಣಿನದಲ್ಲ. ಸಮುದ್ರದಾಚೆಯ ಯಾವುದೋ ಅಪರೂಪದ ಬೀಜ. ಎಷ್ಟು ಹಗುರ, ಎಂಥ ಗಾಂಭೀರ್ಯ. ಎಳ್ಳಿನ ನೆರಳೂ ಇಲ್ಲ.

ಆಝರ್ ೨೧, ಬುಧವಾರ

ಹದಿನೈದೂವರೆ. ಹಾಜಿಗೂ ಅಷ್ಟೇ. ಅವನಿಗೆ ಹೇಗೆ ಇಳಿಯುತ್ತಿದೆ ಎಂಬುದೇ ಅರ್ಥವಾಗುತ್ತಿಲ್ಲ. ದಿನಾ ಸಂಜೆ ನನ್ನ ಬಿಳಿ ಗುಳಿಗೆ ಅವನ ಹೊಟ್ಟೆಗೆ ಹೋಗುತ್ತಿದೆಯಲ್ಲ, ಅದರ ಪುಣ್ಯ. ಶತ್ರುವಿಗೆ ಕತ್ತಿ ಕೊಟ್ಟು ಯುದ್ಧ ಮಾಡುವವನು ನಾನೊಬ್ಬನೇ.

ಮನೆಗೆ ನಡೆದೇ ಬರುತ್ತಿದ್ದೇನೆ. ಮೊದಲು ತಮ್ಮನ ಮಗ ಮೋಟರ್‌ಸೈಕಲ್ಲಿನಲ್ಲಿ ಕರೆದೊಯ್ಯುತ್ತಿದ್ದ. ಹಾಜಿಯ ಮನೆ ನಮ್ಮ ಬೀದಿಯಿಂದ ಆಚೆ. ಅವನು ನಡೆಯುವಾಗ ನಾನು ಹಿಂದಿನ ಸೀಟಿನಲ್ಲಿ ಕೂತು ಧೂಳೆಬ್ಬಿಸಿ ಹೋದರೆ ನೋಡಿದವರು ಏನೆಂದಾರು? ದಾರಿ ಒಂದೇ ಆದ್ದರಿಂದ ಒಟ್ಟಿಗೆ ನಡೆಯುತ್ತೇವೆ. ಸ್ನೇಹ ಅಲ್ಲ. ಭೂಗೋಳ.

ದಾರಿಯಲ್ಲಿ ಅವನ ಹೆಂಡತಿ ತೀರಿಕೊಂಡದ್ದು ಹೇಳಿದ. ನಾಲ್ಕು ವರ್ಷವಾಯಿತಂತೆ. ನನಗೆ ಗೊತ್ತಿತ್ತು. ಸಾವಿನ ಮನೆಗೆ ಹೋಗಿ, ಸಕ್ಕರೆ ಹಾಕದ ಕಾಫಿ ಕುಡಿದು, ಉಪಚಾರದ ಮಾತು ಆಡಿ ಬಂದಿದ್ದೆ.

"ಆವತ್ತು ನೀವು ಬಾಗಿಲಲ್ಲಿ ನಿಂತು ಏನಂದ್ರಿ ನೆನಪಿದ್ಯಾ ಉಸ್ತಾದ್?"

"ಏನಂದೆ?"

"'ಇದೇ ನಿಮ್ಮ ಕೊನೇ ದುಃಖ ಆಗ್ಲಿ' ಅಂದ್ರಿ. ಎಲ್ಲಾರೂ ಅದನ್ನೇ ಅಂದ್ರು. ಆದ್ರೆ ನಿಮ್ಮ ಗಂಟಲು. ಮೇಲ್ಛಾವಣಿ ಪಾರಿವಾಳ ಎಲ್ಲಾ ಎದ್ದು ಹಾರಿಹೋದ್ವು. ಆ ದಿನ ನಗು ಬಂದದ್ದು ಅದೊಂದೇ ಸಲ."

ಇದು ಹೊಗಳಿಕೆಯೋ ಕುಹಕವೋ ಎಂದು ಮನೆ ಬರುವವರೆಗೂ ಯೋಚಿಸಿದೆ. ಗೊತ್ತಾಗಲಿಲ್ಲ.

ದೇ ೧, ಶನಿವಾರ

ನಿನ್ನೆ ಯಲ್ದಾ, ವರ್ಷದ ಅತಿ ಉದ್ದದ ರಾತ್ರಿ. ಹಾಜಿ ಒಂದು ಬಟ್ಟಲು ಬಿಡಿಸಿದ ದಾಳಿಂಬೆ ಕಳಿಸಿದ್ದ. ಖಾಲಿ ಬಟ್ಟಲು ಹಿಂತಿರುಗಿಸುವುದು ನಮ್ಮಲ್ಲಿಲ್ಲ. ನುಣ್ಣಗೆ ಅರೆದ ಎಳ್ಳಿನ ಅರ್ದೆ ತುಂಬಿ ಕಳಿಸಿದೆ. ಬಟ್ಟಲು ಒಯ್ದವನ ಕೈಯಲ್ಲಿ ಚೀಟಿ ಬಂತು: "ಬಾಗಿಲಿಗೆ ಹಚ್ಚಲಿಲ್ಲ, ತಿಂದೆ."

ರೊಬಾಬೆ ಚೀಟಿ ಓದಿ ಹೊಟ್ಟೆ ಹಿಡಿದು ನಕ್ಕಳು. ನಾನು ನಗಲಿಲ್ಲ. ಸ್ವಲ್ಪ.

ಅಂದಹಾಗೆ, ಹಬ್ಬಕ್ಕೆ ಹುರಿದ ಕಲ್ಲಂಗಡಿ ಬೀಜಕ್ಕೂ ಉಪ್ಪಿಲ್ಲ. "ಉಪ್ಪಿನ ಡಬ್ಬಿ ಎಲ್ಲೇ?" ಎಂದೆ. "ಇಲಿ ತಗೊಂಡ್ಹೋಯ್ತು ಉಸ್ತಾ" ಎಂದಳು. ಈ ಇಲಿಗಳು ವಿಪರೀತವಾದವು. ಹದಿನಾಲ್ಕೂವರೆ. ಜಯವಾಗಲಿ ಬಿಳಿ ಮುಚ್ಚಳಕ್ಕೆ.

ದೇ ೧೦, ಸೋಮವಾರ

ಹಾಜಿ ಬರಲಿಲ್ಲ. ನನಗೇನು.

ಹದಿನಾರು.

ದೇ ೧೨, ಬುಧವಾರ

ಮನುಷ್ಯತ್ವ ಬೇಡವೇ? ಹಲ್ಲು ಕೀಳಿಸಲು ಯಜ್ದ್‌ಗೆ ಹೋಗಿದ್ದನಂತೆ. ಹೇಳಿ ಹೋಗುವುದಕ್ಕೆ ಬಾಯಿರಲಿಲ್ಲವೇ? ಸೋಮವಾರ ನನ್ನ ತೋಳಿಗೆ ಯಾರೋ ಪಟ್ಟಿ ಕಟ್ಟಿದರು. ಕಟ್ಟಲು ಬರುವುದಿಲ್ಲ, ಸಡಿಲ. ಅದಕ್ಕೇ ಹದಿನಾರು ತೋರಿಸಿದ್ದು. ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಆ ಕಡೆ ಈ ಕಡೆ ನೋಡಿ ಮತ್ತೆ ಸೀಸೆಗೇ ಹಾಕಿದ್ದೆ.

ಇವತ್ತು ಅವನು ಕೆನ್ನೆ ಊದಿಸಿಕೊಂಡು ಬಂದ. "ಕಣದೊಳಗೆ ಇಳಿಬೇಡಿ, ಸತ್ರೆ ನಾನು ಯಾರನ್ನ ಸೋಲಿಸ್ಲಿ?" ಎಂದೆ.

"ನೀವು ಸೋಲಿಸ್ತೀರಾ? ಕನ್ನಡಿ ಮುಂದೆ ನಿಂತ್ಕೊಂಡು ಅಭ್ಯಾಸ ಮಾಡಿ ಬನ್ನಿ" ಎಂದ, ಅರ್ಧ ಬಾಯಲ್ಲಿ.

ನನ್ನದು ಹದಿನಾಲ್ಕು. ಪಟ್ಟಿ ಸರಿಯಾಗಿ ಕಟ್ಟಿದರೆ ಯಂತ್ರ ಸರಿಯಾಗಿ ಹೇಳುತ್ತದೆ, ನೋಡು.

ದೇ ೨೨, ಶನಿವಾರ

ಹಾಳೆಯೇ, ಇಂದು ನಿನಗೆ ಜಾಗ ಸಾಲದು. ತೆರೆ ಸರಿಯಲಿ.

ಕೊನೆಯ ಅಳತೆ. ಚಪ್ಪಲಿ ಕೋಣೆಯಲ್ಲಿ ಹನ್ನೆರಡು ಮಂದಿ, ಬಾಗಿಲಲ್ಲಿ ಊರುಗೋಲು ಹಿಡಿದ ಮೊರ್ಷೆದ್. ಹಾಜಿ ನನ್ನ ಪಟ್ಟಿ ಕಟ್ಟಿದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಯಂತ್ರ ಗೊರಗುಟ್ಟಿತು. ನನ್ನದು ಹದಿಮೂರೂವರೆ, ಎಂಟು. ಅವನದು ಹದಿನಾಲ್ಕು, ಎಂಟು. ಅರ್ಧ ಅಂಕೆ. ನಲವತ್ತು ವರ್ಷದ ತಪಸ್ಸು ಅರ್ಧ ಅಂಕೆಯಲ್ಲಿ ಫಲಿಸಿತು. ಮೊರ್ಷೆದ್ "ಬೆಮಾನ್‌ಅಲಿ" ಎಂದಷ್ಟೇ ಹೇಳಿ ಒಳಗೆ ಹೋದ.

ಫರಂಗೀಸ್ ಖಾನಮ್ ಸೀಸೆಗಳನ್ನು ಎಣಿಸುತ್ತಿದ್ದಳು. ಎಣಿಸಿದ್ದನ್ನೇ ಮತ್ತೆ ಎಣಿಸಿದಳು. "ಹನ್ನೆರಡು ಜನದಲ್ಲಿ ಒಬ್ಬರದೂ ತಾಳೆ ಆಗ್ತಿಲ್ಲ. ನಿಮ್ಮ ಸೀಸೆಯಿಂದ ಬೇರೆ ಯಾರಾದ್ರೂ ತಗೊಂಡ್ರಾ?"

ಹಾಜಿ ಎದ್ದು ನಿಂತ. "ಖಾನಮ್, ನೀವು ಒಳ್ಳೇ ಮನೆತನದವರು. ನಮ್ಮನ್ನ ಏನಂದ್ಕೊಂಡ್ರಿ? ಪಕ್ಕದವನಿಗೆ ಕೊಡ್ದೆ ಒಬ್ನೇ ತಿನ್ನೋ ಜಾತಿನಾ ನಮ್ದು?"

"ಅಂದ್ರೆ... ಕೆಂಪಿನವರು ಬಿಳಿಯವರಿಗೆ ಕೊಟ್ರಾ?"

"ದಿನಾ" ಅಂದರು ಹನ್ನೆರಡು ಮಂದಿ, ಎದೆ ಉಬ್ಬಿಸಿ. ಒಬ್ಬ ತನ್ನ ಅತ್ತೆಗೂ ಕೊಟ್ಟಿದ್ದ. ಇನ್ನೊಬ್ಬನ ಮನೆಗೆ ವಿದ್ಯುತ್ ಮೀಟರ್ ನೋಡಲು ಬಂದವನೂ ಎರಡು ನುಂಗಿ ಹೋಗಿದ್ದ.

ಅವಳು ಚಪ್ಪಲಿಗಳ ನಡುವೆ ಬೆಂಚಿನ ಮೇಲೆ ಕುಸಿದು ಕೂತಳು. ಎರಡು ತಿಂಗಳ ಕೆಲಸ. "ಬಿಪಿ ಇಳೀತಲ್ಲ ಮಗಳೇ, ಎಲ್ಲರದ್ದೂ ಇಳಿದಿದೆ" ಎಂದು ಸಮಾಧಾನ ಮಾಡಿದೆ.

"ಯಾವುದ್ರಿಂದ ಇಳೀತು ಅಂತ ನಾನು ಏನು ಬರೀಲಿ ಉಸ್ತಾದ್? ಗರಡಿ, ನಡಿಗೆ, ಉಪ್ಪು ಬಿಟ್ಟಿದ್ದು, ಹತ್ತು ನಿಮಿಷ ಸುಮ್ನೆ ಕೂತಿದ್ದು..."

"ಬಿಳಿ ಮುಚ್ಚಳ ಅಂತ ಬರಿ. ಕಡಲಾಚೆಯ ಎಣ್ಣೆ. ನನ್ನ ನಾಲಿಗೆ ಸುಳ್ಳು ಹೇಳೋಲ್ಲ."

ಅವಳು ನನ್ನನ್ನು ನೋಡಿದಳು. ನಗುವನ್ನು ತಡೆದುಕೊಂಡ ಮುಖ ಅದು, ನಾಟಕದವನಿಗೆ ಗೊತ್ತಾಗದೇ? "ಉಸ್ತಾದ್, ಪರೀಕ್ಷೆ ಮಾಡಬೇಕಾಗಿದ್ದದ್ದು ಕೆಂಪು. ಅದು ಕರಿಜೀರಿಗೆ, ಹಾಜಿಯವರ ಅಂಗಡೀದೇ. ಬಿಳೀದು ಹೋಲಿಕೆಗೆ ಇಟ್ಟದ್ದು. ಎಳ್ಳೆಣ್ಣೆ. ವಾಸನೆ ತೆಗೆಸಿದ್ದೆ. ಮೆಹ್ರ್ ತಿಂಗಳಲ್ಲಿ ನಿಮ್ಮ ಗಾಣದಿಂದ್ಲೇ ತರ್ಸಿದ್ದು."

ಹಾಳೆಯೇ, ಇಲ್ಲಿ ಖಳ ಗರ್ಜಿಸಬೇಕು. ನನ್ನಪ್ಪನ, ಅಜ್ಜನ ಎಣ್ಣೆಯನ್ನು 'ಸುಮ್ಮನೆ ಒಂದು ಎಣ್ಣೆ' ಎಂದು ಇಟ್ಟರೆಂದರೆ ಛಾವಣಿ ಹಾರಬೇಕು. ಉಸಿರೆಳೆದುಕೊಂಡೆ ಕೂಡ. ಅಷ್ಟರಲ್ಲಿ ಪಕ್ಕದಲ್ಲಿ ಸಿಳ್ಳೆಯಂಥ ಸದ್ದು. ಹಾಜಿಯ ಮೂಗು. ನಗು ತಡೆಯಲಾರದೆ ಅಲ್ಲಾಡುತ್ತಿದ್ದ.

"ಕಡಲಾಚೆ" ಎಂದ ಹಾಜಿ. "ಅಯ್ಯೋ ದೇವರೇ, ಕಡಲಾಚೆ."

"ನಿಮಗೆ ನಿಮ್ಮ ಕರಿಜೀರಿಗೆ ಗೊತ್ತಾಯ್ತಾ?" ಎಂದೆ.

"ನಾನು ನುಂಗಿದ್ದು ನಿಮ್ಮ ಎಳ್ಳಲ್ವಾ. ಎರಡು ತಿಂಗಳು, ದಿನಾ ಸಂಜೆ. ಬಜಾರಲ್ಲಿ ಯಾರಿಗೂ ಹೇಳ್ಬೇಡಿ ಉಸ್ತಾದ್, ನನ್ನ ಅಂಗಡಿ ಮುಚ್ಬೇಕಾಗುತ್ತೆ."

ನಾನು ನಕ್ಕೆ. ಪಾರಿವಾಳ ಹಾರುವ ನಗು. ಏಕೆ ನಕ್ಕೆ ಎಂದು ಕೇಳಬೇಡ. ಬಿಪಿ ಕಡಿಮೆಯಾದರೆ ತಲೆ ಹಗುರಾಗುತ್ತದಂತೆ, ಅದಿರಬೇಕು. ಖಾನಮ್ ಉಳಿದ ಗುಳಿಗೆಗಳನ್ನು ನಮಗೇ ಬಿಟ್ಟು ಯಂತ್ರಗಳನ್ನು ಪೆಟ್ಟಿಗೆಗೆ ಹಾಕಿದಳು. ಹೋಗುವಾಗ ಬಾಗಿಲಲ್ಲಿ ಹನ್ನೆರಡು ಮಂದಿಯೂ "ನಿಮ್ಮದಾಗಲಿ" ಅಂದೆವು. ಅವಳು ಒಂದೇ ಸಲಕ್ಕೆ ಹೊರಟುಬಿಟ್ಟಳು. ಕಲಿತಿದ್ದಾಳೆ.

ದೇ ೨೫, ಮಂಗಳವಾರ

ಪಟ್ಟಾಭಿಷೇಕದ ದಿನ. ಬೆಳಿಗ್ಗೆ ರೊಬಾಬೆ ನನ್ನ ಹಳೆಯ ಚರ್ಮದ ಚಲ್ಲಣಕ್ಕೆ ಎಣ್ಣೆ ಉಜ್ಜಿ ಹೊಳೆಯಿಸಿದಳು. ಎಳ್ಳೆಣ್ಣೆ. ಕನ್ನಡಿಯ ಮುಂದೆ ನಿಂತು ಮೂರು ಬಾರಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುವುದನ್ನು ಅಭ್ಯಾಸ ಮಾಡಿದೆ. ರಾಜನಂತೆ ಕಾಣುತ್ತಿದ್ದೆ. ಉತ್ಪ್ರೇಕ್ಷೆಯಲ್ಲ.

ಗರಡಿ ತುಂಬಿತ್ತು. ಕಣದೊಳಗೆ ಇಳಿದೆವು, ಅಂಚಿಗೆ ಸುತ್ತಲೂ ನಿಂತೆವು. ನಟ್ಟನಡುವಿನ ಜಾಗ ಖಾಲಿ. ಮೊರ್ಷೆದ್ ನಗಾರಿ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಒಂದು ಹೆಜ್ಜೆ ಮುಂದಿಟ್ಟು, ಸಂಪ್ರದಾಯದಂತೆ ಹಿರಿಯನ ಕಡೆ ತಿರುಗಿದೆ. ಹಿರಿಯ ಅವನೇ, ಒಂದು ವರ್ಷಕ್ಕೆ.

"ನಿಮ್ಮದಾಗಲಿ ಹಾಜಿ."

"ಜಾಗ ನಿಮ್ಮದು ಉಸ್ತಾದ್. ನಿಲ್ಲಿ."

"ನಿಮ್ಮದಾಗಲಿ."

"ಅಯ್ಯೋ, ಎಲ್ಲಾದ್ರೂ ಉಂಟಾ. ನಿಲ್ಲಿ ನೀವು."

"ನಿಮ್ಮದಾಗಲಿ."

"ನಿಮ್ಮ ನೆರಳು ನಮ್ಮ ತಲೆ ಮೇಲಿರಲಿ. ನಿಲ್ಲಿ."

ಮೂರು ಮುಗಿಯಿತು. ಇನ್ನು ನಾನು ತಲೆಬಾಗಿ ನಡುವೆ ಹೋಗಿ ನಿಲ್ಲುವುದಷ್ಟೇ ಬಾಕಿ. ಜನ ಆಗಲೇ ಅತ್ತ ನೋಡುತ್ತಿದ್ದರು. ಹಾಜಿಯ ಕೆನ್ನೆ ಇನ್ನೂ ಸ್ವಲ್ಪ ಊದಿತ್ತು. ತೋಳಿನ ಮೇಲೆ ನಾನು ಎರಡು ತಿಂಗಳು ಕಟ್ಟಿದ ಪಟ್ಟಿಯ ಗುರುತು ಇರಬಹುದೇನೋ ಎಂದು ನೋಡಿದೆ, ಇರಲಿಲ್ಲ.

"ನಿಮ್ಮದಾಗಲಿ" ಎಂದುಬಿಟ್ಟೆ.

ಹಾಜಿ ನನ್ನ ಮುಖ ನೋಡಿದ, ಗಾಣಿಗ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಮತ್ತೆ ಬೇಡ ಎನ್ನಲಿಲ್ಲ. ಬಾಗಿ ಕಣದ ನೆಲ ಮುಟ್ಟಿ, ಬೆರಳನ್ನು ತುಟಿಗೊತ್ತಿಕೊಂಡು, ನಡುವೆ ಹೋಗಿ ನಿಂತ. ನಿಂತವನು ಮೊರ್ಷೆದ್ ಕಡೆ ತಿರುಗಬೇಕಿತ್ತು. ನನ್ನ ಕಡೆ ತಿರುಗಿದ.

"ಅಪ್ಪಣೆಯೇ?"

"ಆಗಲಿ" ಎಂದೆ. ಚಳಿಗೆ ದನಿ ಸಣ್ಣಗೆ ಬಂತು. ಮೊರ್ಷೆದ್ ಗಂಟೆ ಹೊಡೆದ. ಹೊಡೆಯುವಾಗ ಮುದುಕ ನನ್ನ ಕಡೆ ನೋಡುತ್ತಿದ್ದ. ಕಣ್ಣು ಸವೆದಿದೆ ಎಂದು ಅವನೇ ಹೇಳುತ್ತಾನಲ್ಲ, ಹಾಜಿ ಎಲ್ಲಿದ್ದಾನೆಂದು ಕಂಡಿರಲಿಕ್ಕಿಲ್ಲ.

ಮನೆಗೆ ಬಂದು ಒಂದು ಗಂಟೆಯಿಂದ ಯೋಚಿಸುತ್ತಿದ್ದೇನೆ, ನಾಲ್ಕನೆಯದು ಬಾಯಿಂದ ಹೇಗೆ ಜಾರಿತು. ಎಣಿಕೆ ತಪ್ಪಿತು. ಬೇರೇನಿಲ್ಲ. ಹಾಳೆಯೇ, ನಾನು ಆಬಾನ್ ಇಪ್ಪತ್ತಾರರಂದು ಇದ್ದವನೇ ಈಗಲೂ, ಕೂದಲಷ್ಟೂ ಬದಲಾಗಿಲ್ಲ. ಎಣ್ಣೆಯಿಂದ ಮನುಷ್ಯ ಬದಲಾಗುವುದಿದ್ದರೆ ಗಾಣಿಗರೆಲ್ಲ ಸಂತರಾಗಿರುತ್ತಿದ್ದರು.

ಬಿಳಿ ಸೀಸೆಯಲ್ಲಿ ಇನ್ನು ಎರಡೇ ಗುಳಿಗೆ. "ನುಂಗಿ ಮುಗಿಸಿ, ಸೀಸೆ ತೊಳೆದು ಜೀರಿಗೆ ತುಂಬ್ತೀನಿ" ಎಂದು ರೊಬಾಬೆ ನೀರಿನ ಲೋಟ ತಂದಿಟ್ಟಿದ್ದಾಳೆ. ಒಂದನ್ನು ಬಾಯಿಯವರೆಗೆ ಒಯ್ದೆ. ಬೆಂಚಿಲ್ಲ, ಪಟ್ಟಿಯಿಲ್ಲ, ಪಕ್ಕದಲ್ಲಿ ಮೂಗಿನ ಸಿಳ್ಳೆಯಿಲ್ಲ. ಗುಳಿಗೆ ಮತ್ತೆ ಸೀಸೆಗೆ ಹೋಯಿತು, ಸೀಸೆ ಜೇಬಿಗೆ.

"ಈ ಹೊತ್ತಲ್ಲಿ ಟೋಪಿ ಹಾಕ್ಕೊಂಡು ಎಲ್ಲಿಗೆ ಉಸ್ತಾ?" ಎನ್ನುತ್ತಿದ್ದಾಳೆ.

ಹಾಜಿಯ ಬಾಗಿಲು ಕಿರ್‌ಗುಡುತ್ತದೆ ಎಂದೆ. ಎಣ್ಣೆ ಹಚ್ಚಿ ಬರಬೇಕು.